ಲಾಳ ಕಳಚಿದ ಮೇಲೆ: ಬರಿಗೊರಸಿನ ಕುರಿತು ಓದುಗರ ಪ್ರಶ್ನೆಗಳು

ಈ ಸಂಚಿಕೆಯ ಪ್ರಶ್ನೆಗಳೆಲ್ಲವೂ ಒಂದೇ ವಿಷಯಕ್ಕೆ ಸಂಬಂಧಿಸಿದವು. ಕುದುರೆಯನ್ನು ಲಾಳವಿಲ್ಲದೆ, ಅಂದರೆ ಬರಿಗೊರಸಿನಲ್ಲಿ ಸಾಕುವುದರಿಂದ ಆಗುವ ಲಾಭವೇನು, ಅದಕ್ಕೆ ಏನೆಲ್ಲ ಸಿದ್ಧತೆ ಬೇಕು ಎಂದು ಹಲವರು ಬರೆದಿದ್ದಾರೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಕುದುರೆಗೆ ಹತ್ತು ವರ್ಷ. ಮೂರನೆಯ ವಯಸ್ಸಿನಿಂದಲೂ ತಪ್ಪದೆ ಲಾಳ ಹಾಕಿಸುತ್ತಾ ಬಂದಿದ್ದೇನೆ. ಲಾಳ ತೆಗೆಸಿದರೆ ಕಾಲು ಗಟ್ಟಿಯಾಗುತ್ತದೆ ಎಂದು ಈಗ ಹಲವರು ಹೇಳುತ್ತಿದ್ದಾರೆ. ಕಾಪಾಡುವುದಕ್ಕೆಂದು ಹಾಕಿದ ಕಬ್ಬಿಣವನ್ನು ತೆಗೆದರೆ ಕಾಲು ಗಟ್ಟಿಯಾಗುವುದು ಹೇಗೆ?

ಉತ್ತರ: ಕುದುರೆ ನಿಂತಿರುವುದು ಪ್ರತಿ ಕಾಲಿನ ಒಂದೊಂದೇ ಬೆರಳಿನ ತುದಿಯ ಮೇಲೆ. ನಮ್ಮ ಕೈಯ ನಡುಬೆರಳಿಗೆ ಸಮನಾದ ಆ ಬೆರಳನ್ನು ಸುತ್ತುವರಿದ ಉಗುರೇ ಗೊರಸು. 450ರಿಂದ 500 ಕಿಲೋ ತೂಗುವ ದೇಹದ ಭಾರದಲ್ಲಿ ಸುಮಾರು 60 ಶೇಕಡಾ ಎರಡು ಮುಂಗಾಲುಗಳ ಮೇಲೆಯೇ ಬೀಳುತ್ತದೆ. ಇಷ್ಟು ಭಾರವನ್ನು ಹೊರುವ ಅಂಗವು ಬರೀ ಗಟ್ಟಿಯಾದ ಗೂಟದಂತಿದ್ದರೆ ಓಡುವಾಗಿನ ಪೆಟ್ಟೆಲ್ಲ ನೇರವಾಗಿ ಮೂಳೆ ಮತ್ತು ಸಂದುಗಳಿಗೆ ತಾಗುತ್ತಿತ್ತು. ಆದ್ದರಿಂದ ಗೊರಸಿನ ಮುಂಭಾಗ ಗಟ್ಟಿಯಾಗಿದೆ, ಹಿಂಭಾಗ ಬಳುಕುವಂತಿದೆ. ಕಾಲನ್ನು ಎತ್ತಿ ನೋಡಿದರೆ ಅಂಗಾಲಿನ ಹಿಂಭಾಗದಲ್ಲಿ ಬಾಣದ ತುದಿಯ ಆಕಾರದ, ರಬ್ಬರಿನಂಥ ಒಂದು ಭಾಗ ಕಾಣುತ್ತದೆ. ಇದನ್ನು ಫ್ರಾಗ್ ಎನ್ನುತ್ತಾರೆ. ಅದರ ಮೇಲೆ, ಹಿಮ್ಮಡಿಯ ಒಳಗೆ, ಕೊಬ್ಬು ಮತ್ತು ನಾರುಗಳಿಂದಾದ ಒಂದು ಮೆತ್ತೆಯಿದೆ. ಅದರ ಎರಡೂ ಬದಿಗೆ ಮೃದ್ವಸ್ಥಿಯ ಹಾಳೆಗಳಿವೆ. ಕಾಲು ನೆಲಕ್ಕೆ ಊರಿದಾಗ ಹಿಮ್ಮಡಿ ಸ್ವಲ್ಪ ಅಗಲವಾಗುತ್ತದೆ, ಅಂಗಾಲಿನ ಕಮಾನು ತುಸು ತಗ್ಗುತ್ತದೆ, ಮೆತ್ತೆಯ ಸುತ್ತಲಿನ ರಕ್ತನಾಳಗಳಲ್ಲಿರುವ ರಕ್ತ ಒತ್ತಡಕ್ಕೆ ಸಿಕ್ಕಿ ಮೇಲಕ್ಕೆ ಸರಿಯುತ್ತದೆ. ಪೆಟ್ಟಿನ ಬಹುಪಾಲು ಹೀಗೆ ಅಲ್ಲಿಯೇ ಕರಗಿಹೋಗುತ್ತದೆ. ನಾಲ್ಕು ಗೊರಸುಗಳೆಂದರೆ ಇನ್ನೂ ನಾಲ್ಕು ಹೃದಯಗಳಿದ್ದಂತೆ ಎಂಬ ಮಾತು ಅತಿಶಯೋಕ್ತಿಯಾದರೂ ಅದು ಹುಟ್ಟಿದ್ದು ಇಲ್ಲಿಂದಲೇ.

ಈ ಹಿಂಭಾಗ ಬೆಳೆಯುವುದು ಬಳಕೆಯಿಂದ. ನೆಲವನ್ನು ಒತ್ತಿದಷ್ಟೂ ಮೆತ್ತೆಯಲ್ಲಿ ನಾರು ಹೆಚ್ಚುತ್ತದೆ, ಫ್ರಾಗ್ ಅಗಲವಾಗುತ್ತದೆ, ಅಂಗಾಲು ದಪ್ಪವಾಗುತ್ತದೆ. ಲಾಳ ಹೊಡೆದಾಗ ಗಟ್ಟಿ ನೆಲದ ಮೇಲೆ ಅಂಗಾಲೂ ಫ್ರಾಗೂ ಕಬ್ಬಿಣದ ದಪ್ಪದಷ್ಟು ಮೇಲಕ್ಕೆ ಎತ್ತಲ್ಪಡುತ್ತವೆ. ಭಾರವೆಲ್ಲ ಗೊರಸಿನ ಗೋಡೆಯ, ಅಂದರೆ ಸುತ್ತಲಿನ ಗಟ್ಟಿ ಹೊರಪದರದ, ಅಂಚಿನ ಮೇಲೆ ನಿಲ್ಲುತ್ತದೆ. ಲಾಳ ಕಟ್ಟಿದ ಗೊರಸು ಅಲುಗಾಡುವುದೇ ಇಲ್ಲ ಎಂದು ವಾದಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ಕಸುಬು ಬಲ್ಲ ಲಾಳಗಾರರು ಗೊರಸಿನ ಅತಿ ಅಗಲವಾದ ಜಾಗದಿಂದ ಹಿಂದಕ್ಕೆ ಮೊಳೆ ಹೊಡೆಯದೆ ಹಿಮ್ಮಡಿಗೆ ಆಡಲು ಅವಕಾಶ ಬಿಟ್ಟಿರುತ್ತಾರೆ. ಆದರೂ ಬರಿಗೊರಸಿನಷ್ಟು ಕೆಲಸ ಅಲ್ಲಿ ನಡೆಯುವುದಿಲ್ಲ. ವರ್ಷಗಟ್ಟಲೆ ಕೆಲಸವಿಲ್ಲದ ಅಂಗ ಸೊರಗುತ್ತದೆ. ಬಹುಕಾಲ ಲಾಳದಲ್ಲಿದ್ದ ಅನೇಕ ಕುದುರೆಗಳಲ್ಲಿ ಹಿಮ್ಮಡಿ ಕಿರಿದಾಗಿ ಒಂದಕ್ಕೊಂದು ಒತ್ತಿಕೊಂಡಿರುವುದನ್ನೂ, ಫ್ರಾಗ್ ಬಡಕಲಾಗಿರುವುದನ್ನೂ ನೀವೇ ನೋಡಿರಬಹುದು. ಲಾಳ ತೆಗೆದರೆ ಕಾಲು ಗಟ್ಟಿಯಾಗುತ್ತದೆ ಎಂಬ ಮಾತಿನ ಅರ್ಥ ಇಷ್ಟೇ: ಕೆಲಸ ಮತ್ತೆ ಆರಂಭವಾದರೆ ಆ ಭಾಗ ಮತ್ತೆ ಬೆಳೆಯಬಲ್ಲದು. ಲಾಯದಲ್ಲಿ ಕಟ್ಟಿಹಾಕಿ ನಿಲ್ಲಿಸಿದ ಕುದುರೆಗೆ ಲಾಳ ತೆಗೆಸಿದರೆ ಕಬ್ಬಿಣ ಉಳಿಯಿತು ಎನ್ನುವುದನ್ನು ಬಿಟ್ಟರೆ ಹೆಚ್ಚಿನ ಪ್ರಯೋಜನವಿಲ್ಲ.

ಉಳಿದ ಲಾಭಗಳು ಇದರ ಬೆನ್ನಿಗೇ ಬರುತ್ತವೆ. ಗೊರಸಿನ ಗೋಡೆ ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಲಾಳವಿದ್ದಾಗ ಅದು ಸವೆಯಲಾರದು. ಆರೇಳು ವಾರಗಳ ಕೊನೆಗೆ ಗೊರಸಿನ ಮೂತಿ ಮುಂದಕ್ಕೆ ಚಾಚಿ, ಪ್ರತಿ ಹೆಜ್ಜೆ ಎತ್ತುವಾಗಲೂ ಸ್ನಾಯುರಜ್ಜುಗಳ ಮೇಲೆ ಹೆಚ್ಚಿನ ಎಳೆತ ಬೀಳುತ್ತದೆ. ಬರಿಗೊರಸು ನಡೆದಂತೆಲ್ಲ ತನ್ನ ಅಂಚನ್ನು ತಾನೇ ಸವೆಸಿಕೊಳ್ಳುತ್ತದೆ. ಅದೇ ಜಾಗದಲ್ಲಿ ಮತ್ತೆ ಮತ್ತೆ ಮೊಳೆ ಹೊಡೆಯುವುದರಿಂದ ಗೋಡೆ ಪುಡಿಯಾಗುವ ತೊಂದರೆಯೂ ಇರುವುದಿಲ್ಲ. ನುಣ್ಣನೆಯ ಟಾರು ರಸ್ತೆಯಲ್ಲಿ ಕಬ್ಬಿಣಕ್ಕಿಂತ ಗೊರಸಿಗೆ ಹಿಡಿತ ಹೆಚ್ಚು. ಗುಂಪಿನಲ್ಲಿ ಮೇಯುವಾಗ ಒಂದು ಇನ್ನೊಂದನ್ನು ಒದ್ದರೂ ಗಾಯ ಅಷ್ಟು ಆಳವಾಗುವುದಿಲ್ಲ. ನಾನು ಹೆಚ್ಚು ಬೆಲೆ ಕೊಡುವ ಲಾಭ ಮಾತ್ರ ಬೇರೆಯದು. ನೆಲ ಹೇಗಿದೆ ಎಂಬುದು ಬರಿಗೊರಸಿನ ಕುದುರೆಗೆ ತಿಳಿಯುತ್ತದೆ. ಅದರ ಗೊರಸು ಹೇಗಿದೆ ಎಂಬುದು ಒಡೆಯನಿಗೆ ತಿಳಿಯುತ್ತದೆ. ಮೇವು ಬದಲಾದರೆ, ಅಂಗಾಲು ತೆಳುವಾದರೆ, ಹಿಮ್ಮಡಿಯಲ್ಲಿ ನೋವಿದ್ದರೆ ನಡಿಗೆಯಲ್ಲಿ ಅದು ಕೆಲವೇ ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಲಾಳ ಆ ಸುದ್ದಿಯನ್ನು ತಿಂಗಳುಗಟ್ಟಲೆ ಮುಚ್ಚಿಡಬಲ್ಲದು.

ಪ್ರಶ್ನೆ: ಎರಡು ವಾರಗಳ ಹಿಂದೆ ನನ್ನ ಹೆಣ್ಣು ಕುದುರೆಯ ನಾಲ್ಕೂ ಲಾಳಗಳನ್ನು ತೆಗೆಸಿದೆ. ಮೆತ್ತನೆಯ ನೆಲದಲ್ಲಿ ಆರಾಮವಾಗಿ ನಡೆಯುತ್ತದೆ. ಜಲ್ಲಿ ಕಂಡರೆ ಮಾತ್ರ ಹೆಜ್ಜೆ ಇಡಲು ಅಂಜುತ್ತದೆ. ಕೆಲವು ತಿಂಗಳು ನೋವು ತಿಂದರೆ ಗೊರಸು ತಾನೇ ಗಟ್ಟಿಯಾಗುತ್ತದೆ ಎಂದು ಪರಿಚಿತರು ಹೇಳುತ್ತಾರೆ. ಅದು ಸರಿಯೇ? ಎಷ್ಟು ಕಾಲ ಕಾಯಬೇಕು?

ಉತ್ತರ: ಜಲ್ಲಿಯ ಮೇಲೆ ಅಂಜುವುದು ಈ ಹಂತದಲ್ಲಿ ಸಾಮಾನ್ಯ. ನೋವು ತಿಂದರೆ ಗಟ್ಟಿಯಾಗುತ್ತದೆ ಎಂಬ ಮಾತು ಮಾತ್ರ ತಪ್ಪು. ಬರಿಗೊರಸಿನ ಪದ್ಧತಿಗೆ ಅತಿ ಹೆಚ್ಚು ಕೆಟ್ಟ ಹೆಸರು ತಂದಿರುವುದೂ ಈ ಮಾತೇ ಎಂಬುದು ನನ್ನ ಅಭಿಪ್ರಾಯ.

ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆರೋಗ್ಯವಂತ ಕುದುರೆ ನಡೆಯುವಾಗ ಮೊದಲು ಹಿಮ್ಮಡಿ ಅಥವಾ ಗೊರಸಿನ ಇಡೀ ತಳ ನೆಲಕ್ಕೆ ತಾಗಬೇಕು. ಕಾಲಿನ ಹಿಂಭಾಗದಲ್ಲಿ ನೋವಿದ್ದರೆ ಅದು ಹಿಮ್ಮಡಿಯನ್ನು ಉಳಿಸಿಕೊಳ್ಳಲು ಗೊರಸಿನ ಮೂತಿಯನ್ನು ಮೊದಲು ಊರುತ್ತದೆ. ಹಾಗೆ ಊರಿದರೆ ಹಿಂದಿನ ಮೆತ್ತೆಗೆ ಕೆಲಸವಿಲ್ಲ. ಕೆಲಸವಿಲ್ಲದೆ ಅದು ಬೆಳೆಯುವುದಿಲ್ಲ. ಬೆಳೆಯದಿದ್ದರೆ ನೋವು ಹೋಗುವುದಿಲ್ಲ. ಅಂದರೆ ಯಾವ ಲಾಭಕ್ಕಾಗಿ ಲಾಳ ತೆಗೆಸಿದಿರೋ ಆ ಲಾಭವನ್ನೇ ನೋವು ತಡೆಯುತ್ತದೆ. ಆದ್ದರಿಂದ ಈ ತಿಂಗಳುಗಳಲ್ಲಿ ನಿಮ್ಮ ಕೆಲಸವೆಂದರೆ ಕುದುರೆ ನೋವಿಲ್ಲದೆ, ಹಿಮ್ಮಡಿ ಊರಿ, ಆದಷ್ಟು ಹೆಚ್ಚು ನಡೆಯುವಂತೆ ನೋಡಿಕೊಳ್ಳುವುದು.

ಅದಕ್ಕೆ ಗೊರಸಿನ ಬೂಟುಗಳು ಬಹಳ ನೆರವಾಗುತ್ತವೆ. ಸವಾರಿಗೆ ಅಥವಾ ಒರಟು ದಾರಿಗೆ ಹೋಗುವಾಗ ತೊಡಿಸಿ, ಬಂದ ಮೇಲೆ ಬಿಚ್ಚಿಡಬಹುದಾದ ರಬ್ಬರ್ ತಳದ ಬೂಟುಗಳು ಇವು. ಒಳಗೆ ಮೆತ್ತನೆಯ ಪ್ಯಾಡ್ ಇಟ್ಟರೆ ಫ್ರಾಗಿಗೆ ಒತ್ತಡವೂ ಸಿಗುತ್ತದೆ, ಕಲ್ಲಿನ ಚುಚ್ಚೂ ತಪ್ಪುತ್ತದೆ. ಗೊರಸನ್ನು ಕತ್ತರಿಸಿ ಅರ ಹಾಕಿದ ದಿನವೇ ಅದರ ಉದ್ದ ಮತ್ತು ಅಗಲವನ್ನು ಅಳೆದು ಬೂಟು ಆರಿಸಿ. ನಾಲ್ಕು ವಾರ ಬೆಳೆದ ಗೊರಸಿಗೆ ಅಳೆದು ತಂದ ಬೂಟು ಮುಂದಿನ ಸಲ ಸಡಿಲವಾಗಿ ಹಿಮ್ಮಡಿಯನ್ನು ಉಜ್ಜುತ್ತದೆ. ಬೂಟು ತೊಡಿಸಿದರೆ ಪದ್ಧತಿಯ ನಿಯಮ ಮುರಿದಂತೆ ಎಂದು ಕೆಲವರು ಭಾವಿಸುತ್ತಾರೆ. ಯಾರ ನಿಯಮವೋ ನನಗೆ ತಿಳಿಯದು. ಕುದುರೆಯಂತೂ ಅಂಥ ನಿಯಮ ಮಾಡಿಲ್ಲ.

ಬೂಟಿಲ್ಲದ ನಡಿಗೆಯನ್ನು ಮೆಲ್ಲಗೆ ಹೆಚ್ಚಿಸಿ. ಮೊದಲು ಗಟ್ಟಿಯಾದ ಆದರೆ ಸಮತಟ್ಟಾದ ನೆಲದ ಮೇಲೆ, ಹಗ್ಗ ಹಿಡಿದು, ದಿನಕ್ಕೆ ಹತ್ತು ಹದಿನೈದು ನಿಮಿಷ ನಡೆಸಿ. ಅದು ಕಿವಿ ನಿಮಿರಿಸಿ ಉದ್ದ ಹೆಜ್ಜೆ ಹಾಕುತ್ತಿದ್ದರೆ ಸಮಯ ಹೆಚ್ಚಿಸಿ. ಹೆಜ್ಜೆ ಮೊಟಕಾದರೆ ಅಂದಿಗೆ ಸಾಕು. ಅದು ಹೆಚ್ಚು ಓಡಾಡುವ ಜಾಗದಲ್ಲಿ, ಉದಾಹರಣೆಗೆ ನೀರಿನ ತೊಟ್ಟಿಯ ಸುತ್ತ, ಬಟಾಣಿ ಗಾತ್ರದ ಉರುಟು ಕಲ್ಲುಗಳನ್ನು ದಪ್ಪವಾಗಿ ಹರಡಿದರೆ ಕುದುರೆ ತನಗೆ ಬೇಕಾದಷ್ಟು ಹೊತ್ತು ತಾನೇ ಅಲ್ಲಿ ನಿಂತು ಅಂಗಾಲನ್ನು ಪಳಗಿಸಿಕೊಳ್ಳುತ್ತದೆ. ಮೊನಚು ಜಲ್ಲಿಯಿಂದ ಈ ಪ್ರಯೋಜನವಿಲ್ಲ.

ಕಾಲಾವಧಿಯ ಲೆಕ್ಕ ಗೊರಸಿನ ಬೆಳವಣಿಗೆಯಲ್ಲಿಯೇ ಇದೆ. ಕೂದಲಿನ ಗೆರೆಯಲ್ಲಿ ಹುಟ್ಟಿದ ಹೊಸ ಗೋಡೆ ಮೂತಿಯ ತುದಿಯನ್ನು ತಲುಪಲು 9ರಿಂದ 12 ತಿಂಗಳು ಬೇಕು. ಹಿಮ್ಮಡಿಯಲ್ಲಿ ಎತ್ತರ ಕಡಿಮೆಯಾದ್ದರಿಂದ ಅದರ ಅರ್ಧದಷ್ಟು ಕಾಲ ಸಾಕಾಗುತ್ತದೆ. ಕೆಲವು ಕುದುರೆಗಳು ಲಾಳ ತೆಗೆದ ದಿನವೇ ಜಲ್ಲಿಯ ಮೇಲೆ ನಡೆದುಹೋಗುತ್ತವೆ, ಹೆಚ್ಚಿನವು ಕೆಲವು ವಾರಗಳಿಂದ ಕೆಲವು ತಿಂಗಳುಗಳಲ್ಲಿ ಸುಧಾರಿಸುತ್ತವೆ. ಅಂಗಾಲು ತೀರಾ ತೆಳುವಾಗಿರುವ ಕುದುರೆಗೆ ಒಂದು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಅಂಗಾಲಿನ ದಪ್ಪ ಸುಮಾರು 15 ಮಿಲಿಮೀಟರ್ ಇದ್ದರೆ ಒಳ್ಳೆಯದು. ಅದು 10 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಬೂಟಿಲ್ಲದೆ ಗಟ್ಟಿ ನೆಲದ ಮೇಲೆ ಕೆಲಸ ಮಾಡಿಸಬೇಡಿ. ಬದಿಯಿಂದ ತೆಗೆದ ಎಕ್ಸ್-ರೇ ಚಿತ್ರದಲ್ಲಿ ಇದನ್ನು ಪಶುವೈದ್ಯರು ಅಳೆದು ಹೇಳಬಲ್ಲರು. ಲಾಳ ತೆಗೆಸುವ ಮೊದಲೇ ಈ ಚಿತ್ರ ತೆಗೆಸಿದರೆ ಮುಂದೆ ಊಹಾಪೋಹಕ್ಕೆ ಎಡೆಯಿರುವುದಿಲ್ಲ.

ಈ ಲಕ್ಷಣಗಳನ್ನು ಕಂಡರೆ ಕಾಯದೆ ವೈದ್ಯರನ್ನು ಕರೆಸಿ: ಗೊರಸು ಸತತವಾಗಿ ಬಿಸಿಯಾಗಿರುವುದು, ಗೆಣ್ಣಿನ ಹಿಂಬದಿಯಲ್ಲಿ ನಾಡಿ ಜೋರಾಗಿ ಬಡಿಯುವುದು, ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಹಿಂದಕ್ಕೆ ವಾಲಿ ನಿಲ್ಲುವುದು, ಮೆತ್ತನೆಯ ನೆಲದಲ್ಲಿಯೂ ಕುಂಟುವುದು. ಒಂದೇ ಕಾಲನ್ನು ಇದ್ದಕ್ಕಿದ್ದಂತೆ ನೆಲಕ್ಕೆ ಊರಲಾರದೆ ಹೋದರೆ ಒಳಗೆ ಕೀವುಗಟ್ಟಿರುವ ಸಾಧ್ಯತೆ ಹೆಚ್ಚು. ಇವು ಯಾವುವೂ ‘ಹೊಂದಿಕೊಳ್ಳುವ ಕಾಲ’ದ ಭಾಗಗಳಲ್ಲ.

ಪ್ರಶ್ನೆ: ನಮ್ಮ ಲಾಳಗಾರರು ಲಾಳ ಹಾಕುವ ಮೊದಲು ಮಾಡುವಂತೆಯೇ ಗೊರಸನ್ನು ಸಪಾಟಾಗಿ ಕತ್ತರಿಸಿ, ಅಂಗಾಲನ್ನೂ ಫ್ರಾಗನ್ನೂ ಬೆಳ್ಳಗೆ ಕಾಣುವವರೆಗೆ ಕೆತ್ತಿ ಬಿಡುತ್ತಾರೆ. ಬರಿಗೊರಸಿಗೂ ಇದೇ ಕ್ರಮವೇ?

ಉತ್ತರ: ಅಲ್ಲ. ಎಷ್ಟೋ ಕುದುರೆಗಳು ‘ಲಾಳವಿಲ್ಲದೆ ನಡೆಯಲಾರವು’ ಎಂಬ ತೀರ್ಪಿಗೆ ಒಳಗಾಗುವುದು ಇದೇ ಕಾರಣಕ್ಕೆ. ಲಾಳ ಕೂರಬೇಕಾದರೆ ಗೋಡೆಯ ಅಂಚು ಸಪಾಟಾಗಿರಬೇಕು, ಕೆತ್ತಿದ ಅಂಗಾಲನ್ನು ಕಬ್ಬಿಣ ನೆಲದಿಂದ ಎತ್ತಿಹಿಡಿಯುತ್ತದೆ. ಆ ಕಬ್ಬಿಣವಿಲ್ಲದಿದ್ದರೆ ಕುದುರೆ ನಡೆಯಬೇಕಾದದ್ದು ಆ ಅಂಗಾಲಿನ ಮೇಲೆಯೇ. ಸವೆದು ಗಟ್ಟಿಯಾದ ಪದರವನ್ನು ಕತ್ತಿಯಿಂದ ಕೆತ್ತಿ ತೆಗೆಯುವುದೆಂದರೆ ಚಪ್ಪಲಿಯ ಅಟ್ಟೆಯನ್ನು ಸೀಳಿ ತೆಗೆದು ನಡೆ ಎಂದಂತೆ. ತಾನಾಗಿ ಉದುರಲು ಸಿದ್ಧವಾಗಿರುವ ಪುಡಿಯನ್ನು ಬಿಟ್ಟರೆ ಅಂಗಾಲನ್ನು ಮುಟ್ಟಬಾರದು. ಫ್ರಾಗಿನಲ್ಲಿ ಸಡಿಲವಾಗಿ ನೇತಾಡುವ, ಕೊಳೆ ಸೇರುವಂಥ ಚೂರುಗಳನ್ನಷ್ಟೇ ತೆಗೆಯಬೇಕು.

ಗೋಡೆಯನ್ನು ಅಂಗಾಲಿನ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಉದ್ದವಿರುವಂತೆ ತಗ್ಗಿಸಿ, ಹೊರ ಅಂಚನ್ನು ಅರದಿಂದ ಸುತ್ತಲೂ ದುಂಡಗೆ ಮಾಡುವುದು ಬರಿಗೊರಸಿನ ಮುಖ್ಯ ಕ್ರಮ. ಚೂಪಾದ ಅಂಚು ಕಲ್ಲಿಗೆ ತಾಗಿ ಸಿಬಿರೇಳುತ್ತದೆ. ದುಂಡಗಿನ ಅಂಚು ಸಿಬಿರೇಳುವುದಿಲ್ಲ, ಹೆಜ್ಜೆ ಎತ್ತುವುದೂ ಹಗುರವಾಗುತ್ತದೆ. ಗೋಡೆ ಹೊರಕ್ಕೆ ಹರಡಿಕೊಂಡಿದ್ದರೆ ಒಂದೇ ಸಲಕ್ಕೆ ತಿದ್ದಲು ಹೋಗದೆ, ನಾಲ್ಕರಿಂದ ಆರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಸರಿಪಡಿಸಬೇಕು. ಬೇಗ ಸವೆಯುವ ಗೊರಸಿಗೆ ಅರದ ಎರಡು ಎಳೆತ ಸಾಕು, ಕೆಲವೊಮ್ಮೆ ಅದೂ ಬೇಡ. ಪ್ರತಿ ಸಲವೂ ಬದಿಯಿಂದ, ಮುಂದಿನಿಂದ, ತಳದಿಂದ ಒಂದೊಂದು ಚಿತ್ರ ತೆಗೆದಿಡಿ. ಆರು ತಿಂಗಳ ಬದಲಾವಣೆ ಕಣ್ಣಿಗೆ ಕಾಣದಿದ್ದರೂ ಚಿತ್ರದಲ್ಲಿ ಕಾಣುತ್ತದೆ.

ನಿಮ್ಮ ಲಾಳಗಾರರನ್ನು ಬದಲಿಸಿ ಎಂದು ನಾನು ಹೇಳುವುದಿಲ್ಲ. ಕುದುರೆ ಇನ್ನು ಲಾಳವಿಲ್ಲದೆ ನಡೆಯಲಿದೆ, ಅಂಗಾಲನ್ನು ಕೆತ್ತಬೇಡಿ ಎಂದು ಮೊದಲೇ ವಿವರಿಸಿ. ಗೊರಸನ್ನು ಓದಲು ಬಲ್ಲ ಹಳೆಯ ಲಾಳಗಾರರಷ್ಟು ಚೆನ್ನಾಗಿ ಈ ಕೆಲಸ ಮಾಡುವವರು ಕಡಿಮೆ. ಲಾಳ ತೆಗೆಯುವ ದಿನ ಬಗ್ಗಿಸಿದ ಮೊಳೆತುದಿಗಳನ್ನು ನೆಟ್ಟಗೆ ಮಾಡಿ ಒಂದೊಂದೇ ಮೊಳೆ ಕೀಳುವಂತೆಯೂ ಅವರನ್ನು ಕೇಳಿಕೊಳ್ಳಿ. ಇಕ್ಕಳದಿಂದ ಒಮ್ಮೆಗೇ ಸೆಳೆದರೆ ಗೋಡೆಯ ತುಂಡೂ ಜೊತೆಗೆ ಬರುತ್ತದೆ.

ಪ್ರಶ್ನೆ: ದಿನವೂ ಗೊರಸಿಗೆ ಎಣ್ಣೆ ಹಚ್ಚುತ್ತೇನೆ, ಶಕ್ತಿಗೆಂದು ಬೆಲ್ಲದ ಪಾಕ ಬೆರೆಸಿದ ಧಾನ್ಯ ಕೊಡುತ್ತೇನೆ. ಆದರೂ ಅಂಚು ಒಡೆಯುತ್ತಿದೆ, ಅಂಗಾಲು ಸೂಕ್ಷ್ಮವಾಗಿದೆ. ಇನ್ನೇನು ಹಚ್ಚಬೇಕು?

ಉತ್ತರ: ಹಚ್ಚುವುದನ್ನು ಬಿಟ್ಟು ತಿನ್ನಿಸುವುದನ್ನು ನೋಡಿ. ಗೊರಸಿನ ಮೂಳೆಯನ್ನು ಗೋಡೆಗೆ ಅಂಟಿಸಿಟ್ಟಿರುವುದು ಎಳೆಎಳೆಯಾಗಿ ಒಂದರೊಳಗೊಂದು ಹೆಣೆದುಕೊಂಡ ಸೂಕ್ಷ್ಮ ಪದರಗಳು. ಮೇವಿನಲ್ಲಿ ಸಕ್ಕರೆ ಮತ್ತು ಪಿಷ್ಟ ಹೆಚ್ಚಾಗಿ, ರಕ್ತದಲ್ಲಿ ಇನ್ಸುಲಿನ್ ಏರಿದಾಗ ಈ ಹೆಣಿಗೆ ಸಡಿಲವಾಗುತ್ತದೆ. ಅದು ತೀವ್ರವಾದರೆ ಲ್ಯಾಮಿನೈಟಿಸ್ ಎಂಬ ಭಯಂಕರ ರೋಗ. ಸೌಮ್ಯವಾಗಿದ್ದರೆ ತಳದಲ್ಲಿ ಗೋಡೆಯೂ ಅಂಗಾಲೂ ಸೇರುವಲ್ಲಿ ಅಗಲವಾದ ಬಿಳಿ ಗೆರೆ, ಗೋಡೆಯ ಮೇಲೆ ಉಂಗುರದಂಥ ಏರುಗಳು, ಕಲ್ಲಿನ ಮೇಲೆ ಅಂಜಿಕೆ. ನಿಮ್ಮ ಕುದುರೆಯ ಕತ್ತಿನ ಮೇಲ್ಭಾಗದಲ್ಲಿ ಗಟ್ಟಿಯಾದ ಕೊಬ್ಬಿನ ದಿಂಡು ಇದೆಯೇ ನೋಡಿ. ಇದ್ದರೆ ಧಾನ್ಯ ಮತ್ತು ಪಾಕವನ್ನು ನಿಲ್ಲಿಸಿ, ಇನ್ಸುಲಿನ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಅಂಥ ಕುದುರೆಗೆ ಸಕ್ಕರೆ ಮತ್ತು ಪಿಷ್ಟ ಸೇರಿ 10ರಿಂದ 12 ಶೇಕಡಾ ಮೀರದ ಒಣಹುಲ್ಲು ತಕ್ಕುದು. ಒಣಹುಲ್ಲನ್ನು ಅರ್ಧದಿಂದ ಒಂದು ಗಂಟೆ ನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲಿದರೆ ಸಕ್ಕರೆ ಇನ್ನಷ್ಟು ಇಳಿಯುತ್ತದೆ.

ಗೊರಸಿನ ಗುಣಮಟ್ಟಕ್ಕೆ ಸತು ಮತ್ತು ತಾಮ್ರ ಮುಖ್ಯ. ಬರೀ ಹುಲ್ಲು ತಿನ್ನುವ ಕುದುರೆಗೆ ಇವೆರಡೂ ಸಾಮಾನ್ಯವಾಗಿ ಸಾಲುವುದಿಲ್ಲ. ದಿನಕ್ಕೆ 15ರಿಂದ 20 ಮಿಲಿಗ್ರಾಂ ಬಯೋಟಿನ್ ಎಂಬ ಜೀವಸತ್ವ ಕೊಟ್ಟರೆ ಕೆಲವು ಕುದುರೆಗಳಲ್ಲಿ ಗೋಡೆ ಸುಧಾರಿಸುತ್ತದೆ. ಆದರೆ ಅದು ಹೊಸದಾಗಿ ಬೆಳೆಯುವ ಗೊರಸಿಗೆ ಮಾತ್ರ ಅನ್ವಯಿಸುವುದರಿಂದ ಆರೆಂಟು ತಿಂಗಳು ತಪ್ಪದೆ ಕೊಡಬೇಕು. ಎಣ್ಣೆಯಿಂದ ಗೊರಸು ಹೊಳೆಯುತ್ತದೆ, ಅಷ್ಟೇ.

ಪ್ರಶ್ನೆ: ಕಾಡುಕುದುರೆಗಳಿಗೆ ಯಾರೂ ಲಾಳ ಹೊಡೆಯುವುದಿಲ್ಲ. ಹಾಗಿದ್ದ ಮೇಲೆ ಯಾವ ಕುದುರೆಗೂ ಲಾಳ ಬೇಡ ಎಂದು ಹೇಳಬಹುದಲ್ಲವೇ?

ಉತ್ತರ: ಅಷ್ಟು ಸುಲಭವಾಗಿ ಹೇಳಲಾಗದು. ಮೊಳೆ ಹೊಡೆಯುವ ಲಾಳ ಯೂರೋಪಿನಲ್ಲಿ ವ್ಯಾಪಕವಾದದ್ದು ಸುಮಾರು 9–10ನೇ ಶತಮಾನದ ನಂತರ. ಅದಕ್ಕೆ ಮೊದಲು ಸೈನ್ಯಗಳೂ ಬರಿಗೊರಸಿನ ಕುದುರೆಗಳ ಮೇಲೆಯೇ ನಡೆದವು ಎಂಬುದು ನಿಜ. ಕ್ರಿ.ಪೂ. 4ನೇ ಶತಮಾನದ ಗ್ರೀಕ್ ಲೇಖಕ ಜೆನೊಫೊನ್, ಲಾಯದ ಹೊರಗೆ ನಾಲ್ಕೈದು ಗಾಡಿಯಷ್ಟು ಹಿಡಿಗಾತ್ರದ ಉರುಟು ಕಲ್ಲುಗಳನ್ನು ಹರಡಿ ಅದರ ಮೇಲೆ ಕುದುರೆಯನ್ನು ನಿಲ್ಲಿಸಿದರೆ ಗೊರಸು ಗಟ್ಟಿಯಾಗುತ್ತದೆ ಎಂದು ಬರೆದಿದ್ದಾನೆ. ನೀರಿನ ತೊಟ್ಟಿಯ ಬಳಿ ಕಲ್ಲು ಹರಡಿ ಎಂದು ನಾನು ಮೇಲೆ ಹೇಳಿದ್ದು ಹೊಸ ಉಪಾಯವೇನೂ ಅಲ್ಲ. ಅಮೆರಿಕದ ಲಾಳಗಾರ ಜೇಮೀ ಜಾಕ್ಸನ್ 1980ರ ದಶಕದಲ್ಲಿ ಅಲ್ಲಿನ ಒಣಭೂಮಿಯ ಕಾಡುಕುದುರೆಗಳ ಗೊರಸುಗಳನ್ನು ಗಮನಿಸಿ, ಆ ಆಕಾರವನ್ನೇ ಮಾದರಿಯಾಗಿ ಮುಂದಿಟ್ಟ ಮೇಲೆ ಇಂದಿನ ಬರಿಗೊರಸಿನ ಚಳವಳಿ ಬೆಳೆಯಿತು.

ಆದರೆ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಬ್ರಂಬಿ ಎಂಬ ಕಾಡುಕುದುರೆಗಳನ್ನು ಪರೀಕ್ಷಿಸಿದಾಗ ಬೇರೆಯದೇ ಚಿತ್ರ ಕಂಡಿತು. ಒರಟು ನೆಲದಲ್ಲಿ ಬಹುದೂರ ನಡೆಯುವವುಗಳ ಗೊರಸು ಮೋಟಾಗಿ, ಅಂಚು ದುಂಡಗೆ ಸವೆದಿದ್ದರೆ, ಮೆತ್ತನೆಯ ನೆಲದವುಗಳ ಗೊರಸು ಉದ್ದವಾಗಿ ಹರಡಿಕೊಂಡಿತ್ತು. ಲ್ಯಾಮಿನೈಟಿಸ್‌ನ ಗುರುತುಗಳೂ ಈ ಬ್ರಂಬಿಗಳಲ್ಲಿ ಸಿಕ್ಕವು. ಕಾಡಿನಲ್ಲಿ ಇದ್ದ ಮಾತ್ರಕ್ಕೆ ಗೊರಸು ಒಳ್ಳೆಯದಾಗುವುದಿಲ್ಲ, ನೆಲ ಮತ್ತು ನಡಿಗೆ ಅದನ್ನು ರೂಪಿಸುತ್ತವೆ. ಇದಲ್ಲದೆ ಕಾಡುಕುದುರೆ ಬೆನ್ನ ಮೇಲೆ ನಮ್ಮನ್ನು ಹೊರುವುದಿಲ್ಲ.

ಇನ್ನೊಂದು ಉದಾಹರಣೆಯನ್ನು ಹಲವರು ಪತ್ರದಲ್ಲಿ ಎತ್ತಿದ್ದಾರೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಜಂಪಿಂಗ್ ತಂಡ ಸ್ಪರ್ಧೆಯಲ್ಲಿ ಸ್ವೀಡನ್ ಚಿನ್ನ ಗೆದ್ದಾಗ, ಪೆಡರ್ ಫ್ರೆಡ್ರಿಕ್ಸನ್ ಅವರ ಆಲ್ ಇನ್ ಮತ್ತು ಹೆನ್ರಿಕ್ ಫಾನ್ ಎಕರ್‌ಮಾನ್ ಅವರ ಕಿಂಗ್ ಎಡ್ವರ್ಡ್ ಎಂಬ ಕುದುರೆಗಳು ಲಾಳವಿಲ್ಲದೆ ಜಿಗಿದವು. ಬರಿಗೊರಸಿನ ಕುದುರೆಯಿಂದ ಕಠಿಣ ಕೆಲಸ ಆಗದು ಎನ್ನುವವರಿಗೆ ಇದು ತಕ್ಕ ಉತ್ತರ. ಆದರೆ ಅವು ಜಿಗಿದದ್ದು ಸ್ಪರ್ಧೆಗೆಂದೇ ಹದಗೊಳಿಸಿದ ಅಂಕಣದಲ್ಲಿ, ಜಲ್ಲಿ ರಸ್ತೆಯಲ್ಲಲ್ಲ ಎಂಬುದನ್ನೂ ನೆನಪಿಡಿ.

ಪ್ರಶ್ನೆ: ಮಳೆ ಹಿಡಿದ ಮೇಲೆ ಫ್ರಾಗಿನ ನಡುವಿನ ಬಿರುಕಿನಿಂದ ಕಪ್ಪು ಕೊಳೆ ಬರುತ್ತಿದೆ, ಕೆಟ್ಟ ವಾಸನೆಯಿದೆ. ಲಾಳ ತೆಗೆದದ್ದರಿಂದ ಹೀಗಾಯಿತೇ?

ಉತ್ತರ: ಇಲ್ಲ. ಇದು ಥ್ರಶ್ ಎಂಬ ಸೋಂಕು. ಗಾಳಿಯಾಡದ, ಒದ್ದೆಯಾದ, ಗಂಜಲ ಸೇರಿದ ಜಾಗದಲ್ಲಿ ನಿಂತ ಯಾವ ಗೊರಸಿಗೂ ಬರುತ್ತದೆ. ದಿನವೂ ಗೊರಸನ್ನು ಕೆದಕಿ ಶುಚಿಮಾಡಿ, ಒಣಗಿದ ನೆಲದ ಮೇಲೆ ನಿಲ್ಲಿಸಿ, ವೈದ್ಯರು ಸೂಚಿಸಿದ ಔಷಧಿಯಲ್ಲಿ ಅದ್ದಿದ ಹತ್ತಿಯನ್ನು ಬಿರುಕಿನಲ್ಲಿ ಹಗುರವಾಗಿ ತುಂಬಿ. ಚರ್ಮ ಸುಡುವಂಥ ಕಟು ರಾಸಾಯನಿಕ ಬೇಡ, ಅದು ಜೀವಂತ ಅಂಗಾಂಶವನ್ನೂ ಕೊಲ್ಲುತ್ತದೆ. ಇದನ್ನು ಅಲಕ್ಷಿಸಬಾರದು: ಬಿರುಕು ಆಳವಾದರೆ ಹಿಮ್ಮಡಿ ನೋಯುತ್ತದೆ, ಕುದುರೆ ಮೂತಿ ಊರಿ ನಡೆಯತೊಡಗುತ್ತದೆ.

ಪ್ರಶ್ನೆ: ಯಾವ ಕುದುರೆಗೆ ಲಾಳ ತೆಗೆಸಬಾರದು?

ಉತ್ತರ: ಗೊರಸಿನೊಳಗಿನ ಮೂಳೆ ಮುರಿದಿದ್ದರೆ, ಗೋಡೆ ಆಳವಾಗಿ ಸೀಳಿದ್ದರೆ, ಚಿಕಿತ್ಸೆಗೆಂದು ವೈದ್ಯರು ವಿಶೇಷ ಲಾಳ ಹಾಕಿಸಿದ್ದರೆ ಅವರನ್ನು ಕೇಳದೆ ತೆಗೆಸಬೇಡಿ. ದಿನವೂ ಒರಟು ರಸ್ತೆಯಲ್ಲಿ ಬೆಳವಣಿಗೆಗಿಂತ ವೇಗವಾಗಿ ಗೊರಸು ಸವೆಸುವ ಕೆಲಸವಿದ್ದರೆ ಬೂಟು ಅಥವಾ ಲಾಳ ಬೇಕೇ ಬೇಕು. ಓಡಾಡಲು ಜಾಗವಿಲ್ಲದ, ಮೇವನ್ನು ಬದಲಿಸಲಾಗದ, ತಿಂಗಳಿಗೊಮ್ಮೆ ಗೊರಸು ನೋಡಲು ಯಾರೂ ಸಿಗದ ಪರಿಸ್ಥಿತಿಯಲ್ಲಿ ಚೆನ್ನಾಗಿ ಹಾಕಿದ ಲಾಳವೇ ಮೇಲು. ನಡುವಿನ ದಾರಿಯೊಂದಿದೆ: ಹಿಂಗಾಲುಗಳ ಮೇಲೆ ಭಾರ ಕಡಿಮೆಯಿರುವುದರಿಂದ ಮೊದಲು ಅವೆರಡರ ಲಾಳವನ್ನಷ್ಟೇ ತೆಗೆಸಿ, ಐದಾರು ತಿಂಗಳು ಗಮನಿಸಿ, ಕೆಲಸ ಕಡಿಮೆಯಿರುವ ಕಾಲ ನೋಡಿಕೊಂಡು ಮುಂಗಾಲುಗಳ ವಿಚಾರಕ್ಕೆ ಕೈಹಾಕಬಹುದು.